ಮಗನ ಜಾಗಕ್ಕೆ ಬಂದ ಯಂತ್ರ

ಮೊಬೈಲು ಮನೆಮಂದಿಯನ್ನು ಬೇರೆ ಬೇರೆ ಮಾಡಿತು ಎಂದು ದೂರುವುದು ಈಗ ರೂಢಿಯಾಗಿದೆ. ಒಂದೇ ಸೂರಿನಡಿ ಬದುಕುವವರಿಗೆ ಆ ದೂರು ಒಪ್ಪಬಹುದು. ಮಗ ದುಬೈಯಲ್ಲಿ, ತಾಯಿ ಭಟ್ಕಳದಲ್ಲಿ ಇರುವ ಮನೆಗಳಿಗೆ ಅದು ಒಪ್ಪುವುದಿಲ್ಲ. ಅಲ್ಲಿ ಮೊಬೈಲೇ ಸೂರು. ಆದ್ದರಿಂದ ಯಂತ್ರ ಒಳ್ಳೆಯದೋ ಕೆಟ್ಟದ್ದೋ ಎಂಬ ಹಳೆಯ ಚರ್ಚೆಯನ್ನು ಬಿಟ್ಟು, ಹೆತ್ತವರು ಮತ್ತು ಮಕ್ಕಳ ನಡುವೆ ಅದು ಏನು ಮಾಡಬಲ್ಲದು, ಏನು ಮಾಡಲಾರದು ಎಂದು ನಾವು ಕೇಳಬೇಕಾಗಿದೆ. 2019ರಲ್ಲಿ ತೆರೆಕಂಡ ಮಲಯಾಳಂ ಚಿತ್ರ 'ಆಂಡ್ರಾಯ್ಡ್ ಕುಂಞಪ್ಪನ್ ವರ್ಷನ್ 5.25' ಈ ಪ್ರಶ್ನೆಯನ್ನು ನಗಿಸುತ್ತಲೇ ಕೇಳುತ್ತದೆ.

ರತೀಶ್ ಬಾಲಕೃಷ್ಣನ್ ಪೊದುವಾಳ್ ನಿರ್ದೇಶಿಸಿದ ಮೊದಲ ಚಿತ್ರವಿದು. ಕಥೆ ನಡೆಯುವುದು ಉತ್ತರ ಕೇರಳದ ಪಯ್ಯನ್ನೂರಿನಲ್ಲಿ. ಭಾಸ್ಕರನ್ ಹಠಮಾರಿ ಮುದುಕ. ಹೊಸ ಯಂತ್ರಗಳೆಂದರೆ ಅವನಿಗೆ ಆಗದು, ಮಗ ದೂರ ಹೋಗುವುದಂತೂ ಸುತರಾಂ ಆಗದು. ಆದರೂ ಇಂಜಿನಿಯರ್ ಮಗ ಸುಬ್ರಹ್ಮಣ್ಯನ್ ಜಪಾನಿ ಕಂಪನಿಯೊಂದರ ನೌಕರಿ ಹಿಡಿದು ರಷ್ಯಾಕ್ಕೆ ಹೋಗುತ್ತಾನೆ. ಅಪ್ಪನ ಆರೈಕೆಗೆಂದು ಬಂದ ಹೆಂಗಸು ಆ ಮನೆಯಲ್ಲಿ ನಿಲ್ಲಲಾಗುವುದಿಲ್ಲ. ಕಡೆಗೆ ಮಗ ತನ್ನ ಕಂಪನಿಯ ರೋಬೋ ಒಂದನ್ನು ತಂದು ಅಪ್ಪನ ಬಳಿ ಬಿಟ್ಟು ಮರಳುತ್ತಾನೆ. ನಲವತ್ತು ದಾಟಿದ್ದ ಸುರಾಜ್ ವೆಂಞಾರಮೂಡು ಮುದುಕನಾಗಿ ಎಷ್ಟು ಸಹಜವಾಗಿ ನಟಿಸಿದ್ದಾರೆಂದರೆ, ಈ ಚಿತ್ರ ಮತ್ತು 'ವಿಕೃತಿ' ಎರಡಕ್ಕೂ ಸೇರಿ ಅವರಿಗೆ ಕೇರಳ ರಾಜ್ಯದ ಅತ್ಯುತ್ತಮ ನಟ ಪ್ರಶಸ್ತಿ ಬಂತು.

ಮೊದಲು ರೋಬೋವನ್ನು ಸಹಿಸದ ಭಾಸ್ಕರನ್ ಬರಬರುತ್ತಾ ಅದಕ್ಕೆ ಮುಂಡು ಉಡಿಸುತ್ತಾನೆ, ಜಾತಕ ಬರೆಸುತ್ತಾನೆ. ಪ್ರೇಕ್ಷಕರು ನಗುತ್ತಾರೆ. ಆದರೆ ಅವನು ಆ ಯಂತ್ರವನ್ನು ಇಷ್ಟು ಹಚ್ಚಿಕೊಂಡದ್ದೇಕೆ? ಅದು ಅಡುಗೆ ಮಾಡುತ್ತದೆ, ಮಾತು ಕೇಳುತ್ತದೆ, ದಣಿಯುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಅದಕ್ಕೆ ಬೇರೆಲ್ಲಿಗೂ ಹೋಗಬೇಕಾಗಿಲ್ಲ. ಸುಬ್ರಹ್ಮಣ್ಯನ್ ಮಾಡಿದ ತಪ್ಪಾದರೂ ಏನು? ತನ್ನದೊಂದು ಬದುಕು ಬೇಕೆಂದದ್ದು. ಭಾಸ್ಕರನಿಗೆ ಬೇಕಿದ್ದದ್ದು ಆ ಬಯಕೆಯೊಂದನ್ನು ತೆಗೆದುಹಾಕಿದ ಮಗ. ಅಂಥ ಮಗ ಕಾರ್ಖಾನೆಯಲ್ಲಿ ಮಾತ್ರ ಹುಟ್ಟಬಲ್ಲ.

ಇಲ್ಲಿ ನಮಗೆ ನಮ್ಮ ಕರಾವಳಿಯ ಹಳೆಯ ಯಂತ್ರವೊಂದು ನೆನಪಾಗುತ್ತದೆ. ಎಂಬತ್ತರ ದಶಕದಲ್ಲಿ ಕೊಲ್ಲಿಗೆ ಹೋದವರು ಕ್ಯಾಸೆಟ್ಟಿನಲ್ಲಿ ಮಾತು ತುಂಬಿ, ಊರಿಗೆ ಹೊರಟವರ ಕೈಯಲ್ಲಿ ಕಳಿಸುತ್ತಿದ್ದರು. ಅದಕ್ಕೂ ಮುಂಚೆ ಓದು ಬಾರದ ತಾಯಂದಿರು ಖತ್ ಬರೆಸಲು ಪಕ್ಕದ ಮನೆಯ ಶಾಲೆ ಹುಡುಗನನ್ನು ಕರೆಯಬೇಕಿತ್ತು. ಅವನೆದುರು ಹೇಳಬಹುದಾದದ್ದು ಸಲಾಮು, ಖೈರಿಯತ್, ದುವಾ ಇಷ್ಟೇ. ಸೊಸೆಯ ದೂರು, ಸಾಲದ ಸಂಕಟ, ಮಗನ ಮೇಲಿನ ಸಿಟ್ಟು ಎಲ್ಲ ಗಂಟಲಲ್ಲೇ ಉಳಿಯುತ್ತಿದ್ದವು. ಟೇಪ್ ರೆಕಾರ್ಡರ್ ಬಂದ ಮೇಲೆ ಬಾಗಿಲು ಹಾಕಿಕೊಂಡು ಅಳಬಹುದಾಯಿತು, ಬೈಯಬಹುದಾಯಿತು. ಉತ್ತರಕ್ಕೆ ತಿಂಗಳುಗಟ್ಟಲೆ ಕಾಯಬೇಕಿತ್ತು, ಆದರೆ ಬಂದದ್ದು ಮಗನ ದನಿಯೇ.

ಕ್ಯಾಸೆಟ್ಟು ಮಗನನ್ನು ಹೊತ್ತು ತರುತ್ತಿತ್ತು. ಕುಂಞಪ್ಪನ್ ತರುವುದು ಮಗನ ಕರ್ತವ್ಯವನ್ನು ಮಾತ್ರ. ಎರಡೂ ತಂತ್ರಜ್ಞಾನವೇ. ಆದರೆ ಒಂದು ಇಬ್ಬರ ನಡುವೆ ನಿಂತು ದಾರಿಯಾಗುತ್ತದೆ, ಇನ್ನೊಂದು ಒಬ್ಬನ ಜಾಗದಲ್ಲೇ ಕುಳಿತುಬಿಡುತ್ತದೆ. ಈ ವ್ಯತ್ಯಾಸ ನಿರ್ದೇಶಕರಿಗೆ ಗೊತ್ತಿದೆ. ಯಂತ್ರವನ್ನು ಹಿಂದಕ್ಕೆ ಒಯ್ಯಲು ಮಗ ಬಂದಾಗ ಅಪ್ಪ ಅದರೊಂದಿಗೆ ಓಡಿಹೋಗುತ್ತಾನೆ. ನಿನಗೆ ನನ್ನ ಮೇಲೆ ಪ್ರೀತಿ ಇದೆಯೇ ಎಂದು ಕೇಳಿದಾಗ, ತಾನು ಯಂತ್ರ, ತನಗೆ ಪ್ರೀತಿಯಿಲ್ಲ ಎಂದು ಅದು ನೇರವಾಗಿ ಹೇಳುತ್ತದೆ. ಕಣ್ಣೀರಿನ ಆಸೆಗೆ ಬೀಳದೆ ಈ ಉತ್ತರ ಕೊಡಿಸಿದ್ದು ಚಿತ್ರದ ದೊಡ್ಡ ಪ್ರಾಮಾಣಿಕತೆ.

ಆದರೆ ನಮ್ಮದೊಂದು ತಕರಾರಿದೆ. ಆರೈಕೆಗೆ ಬಂದ ಹೆಂಗಸನ್ನು ಚಿತ್ರ ಬಲು ಬೇಗ ಮರೆತುಬಿಡುತ್ತದೆ. ಮುದುಕರ ಸೇವೆ ನಮ್ಮ ಸಮಾಜದಲ್ಲಿ ಹೆಂಡತಿಯ, ಸೊಸೆಯ, ಮಗಳ ಅಥವಾ ಕಡಿಮೆ ಸಂಬಳದ ಬಡ ಹೆಣ್ಣಿನ ಪಾಲಿನದು. ಅವಳು ದಣಿಯುತ್ತಾಳೆ, ಎದುರಾಡುತ್ತಾಳೆ. ಯಂತ್ರಕ್ಕೆ ಸಿಕ್ಕ ಗೌರವದ ಅರ್ಧದಷ್ಟಾದರೂ ಅವಳಿಗೆ ಸಿಕ್ಕಿದ್ದರೆ ರೋಬೋ ತರಬೇಕಾಗುತ್ತಿತ್ತೇ? ಚಿತ್ರ ಇದನ್ನು ಕೇಳುವುದಿಲ್ಲ.

ಹೇಮಂತ್ ರಾವ್ ಅವರ ಕನ್ನಡ ಚಿತ್ರ 'ಗೋಧಿ ಬಣ್ಣ ಸಾಧಾರಣ ಮೈಕಟ್ಟು' 2016ರಲ್ಲಿ ಇದೇ ನೋವನ್ನು ಬೇರೆ ದಾರಿಯಲ್ಲಿ ಮುಟ್ಟಿತ್ತು. ಮರೆವಿನ ಕಾಯಿಲೆಯ ತಂದೆ ಕಳೆದುಹೋದ ಮೇಲೆ, ಹುಡುಕುತ್ತ ಅಲೆಯುವ ಮಗನಿಗೆ ತಂದೆಯ ಕಥೆ ತಿಳಿಯುವುದು ತಂದೆಯನ್ನು ನೋಡಿಕೊಂಡಿದ್ದ ವೈದ್ಯೆಯ ಬಾಯಿಂದ. ಆ ಕಥೆಯನ್ನು ಅವನು ತಂದೆಯಿಂದಲೇ ಕೇಳಬಹುದಿತ್ತು.

ದೂರದಲ್ಲಿರುವ ಮಕ್ಕಳನ್ನು ಅಪರಾಧಿಗಳನ್ನಾಗಿ ನಿಲ್ಲಿಸುವುದು ನಮ್ಮ ಉದ್ದೇಶವಲ್ಲ. ಹೊಟ್ಟೆಪಾಡು ದೊಡ್ಡದು. ಆದರೆ ವೀಡಿಯೊ ಕರೆಯಲ್ಲಿ ಊಟ, ಔಷಧಿ, ಹಣದ ಮಾತು ಮುಗಿದ ಮೇಲೆ ಒಂದು ಮೌನ ಬರುತ್ತದೆ. ತಾಯಿಯ ಹಳೆಯ ದೂರು, ತಂದೆಯ ಬೈಗುಳ ಶುರುವಾಗುವುದು ಅದರ ನಂತರ. ಅದನ್ನು ಕೇಳಲು ಯಂತ್ರವನ್ನು ನೇಮಿಸಲಾಗದು. ಮಗನೇ ಫೋನು ಹಿಡಿದು ಕೂರಬೇಕು.