ಡೈಮಂಡ್ ಬಾಕ್ಸಿನೊಳಗೆ ಏನಿರಬೇಕು?

ಭದ್ರಾವತಿಯ ಶಾಲೆಯೊಂದರ ಟಿಂಕರಿಂಗ್ ಲ್ಯಾಬಿನಲ್ಲಿ ಎಂಟನೇ ಕ್ಲಾಸಿನ ಮಕ್ಕಳು ತಮ್ಮ ರೋಬೋ ಗಾಡಿಗೆ ಬರೆದ ಫ್ಲೋಚಾರ್ಟುಗಳನ್ನು ನೋಡಿ ಬಂದಿದ್ದೇನೆ, ತಲೆಯಲ್ಲಿ ಬೇರೇನೂ ಓಡುತ್ತಿಲ್ಲ.

ಬಹುತೇಕ ಹಾಳೆಗಳ ಡೈಮಂಡ್ ಬಾಕ್ಸಿನೊಳಗೆ ಇದ್ದದ್ದು ಒಂದೇ ಪ್ರಶ್ನೆ: ‘ಎದುರಿಗೆ ಅಡ್ಡ ಇದೆಯಾ?’ ಹೌದು ಅಂದರೆ ನಿಲ್ಲು, ಇಲ್ಲ ಅಂದರೆ ನಡೆ. ಓದಲು ಚೆಂದ. ಆದರೆ ರೋಬೋಗೆ ಗೋಡೆಯೂ ಗೊತ್ತಿಲ್ಲ, ಬೆಂಚೂ ಗೊತ್ತಿಲ್ಲ. ಅದರ ಮುಂದಿರುವ ಅಲ್ಟ್ರಾಸಾನಿಕ್ ಸೆನ್ಸರ್ ನಮ್ಮ ಕಿವಿಗೆ ಬೀಳದ ಒಂದು ಕೂಗು ಹಾಕುತ್ತದೆ, ಪ್ರತಿಧ್ವನಿ ಮರಳಲು ಎಷ್ಟು ಹೊತ್ತಾಯಿತೆಂದು ಹೇಳುತ್ತದೆ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆಂಬ ಲೆಕ್ಕ ಹಾಕಿ, ಹೋಗಿ ಬಂದ ದಾರಿಯನ್ನು ಅರ್ಧ ಮಾಡಿದರೆ ಕೈಗೆ ಸಿಗುವುದು ಒಂದು ಸಂಖ್ಯೆ, ಅಷ್ಟೇ. ಹಾಗಾಗಿ ಕೇಳಬೇಕಾದದ್ದು ‘ದೂರ 15 ಸೆಂಟಿಮೀಟರಿಗಿಂತ ಕಡಿಮೆಯಾ?’ ಎಂದು. ಆ 15 ಎಲ್ಲಿಂದ ಬಂತು ಎಂದು ಕೇಳಿದ ಮೇಲೇ ನಿಜವಾದ ಪಾಠ ಶುರುವಾಗುವುದು.

ಒಬ್ಬ ಹುಡುಗಿ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದಳು. ಗಾಡಿ ಗೆರೆ ಮುಟ್ಟಿದೊಡನೆ ಮೋಟಾರ್ ನಿಲ್ಲಿಸಿ, ಆಮೇಲೂ ಅದು ಎಷ್ಟು ಮುಂದೆ ಜಾರಿತೆಂದು ಸ್ಕೇಲ್ ಹಿಡಿದು ಅಳೆದಳು. ಒಂಬತ್ತು ಸೆಂಟಿಮೀಟರ್. ‘ಸರ್, ಹಂಗಾದ್ರೆ ಹತ್ತು ಇಟ್ರೆ ಸಾಕಲ್ವಾ?’ ಸಾಕಾಗಲಿಲ್ಲ. ಹೊಸ ಬ್ಯಾಟರಿ ಹಾಕಿದ್ದೇ ತಡ, ಗಾಡಿ ವೇಗ ಹೆಚ್ಚಿಸಿಕೊಂಡು ಹೋಗಿ ಗೋಡೆಗೆ ಗುದ್ದಿತು. ಅಟಲ್ ಟಿಂಕರಿಂಗ್ ಲ್ಯಾಬಿಗೆ ಕೇಂದ್ರ ಕೊಡುವ ಅನುದಾನ 20 ಲಕ್ಷ ರೂಪಾಯಿವರೆಗೆ. ತ್ರೀಡಿ ಪ್ರಿಂಟರ್ ಕೂಡ ಬರುತ್ತದೆ. ಆ ದಿನ ಕೆಲಸಕ್ಕೆ ಬಂದದ್ದು ಸೀಮೆಸುಣ್ಣ ಮತ್ತು ಸ್ಕೇಲು.

ಇನ್ನು ಕೆಲವು ಹಾಳೆಗಳಲ್ಲಿ ಕೊನೆಗೆ ನೀಟಾಗಿ ‘ಸ್ಟಾಪ್’ ಎಂಬ ಮೊಟ್ಟೆಯಾಕಾರದ ಬಾಕ್ಸು. ಇದು ‘ಮೂರು ಸಂಖ್ಯೆಗಳಲ್ಲಿ ದೊಡ್ಡದು ಯಾವುದು’ ಎಂಬ ಪರೀಕ್ಷೆಯ ಫ್ಲೋಚಾರ್ಟ್ ಮಾಡಿಟ್ಟ ಹಾಳು. ಅದರ ಮೇಲೆ ನನಗಿರುವ ಸಿಟ್ಟು ಈ ಅಂಕಣದ ಓದುಗರಿಗೆ ಹೊಸದಲ್ಲ. ಅಲ್ಲಿ ಉತ್ತರ ಬಂದರೆ ಕಥೆ ಮುಗಿಯಿತು. ರೋಬೋ ಒಮ್ಮೆ ನೋಡಿ ಸುಮ್ಮನಾದರೆ ಕೆಟ್ಟಿತು. ಅದರ ಬಾಣ ವಾಪಸ್ ಮೇಲಕ್ಕೆ ಏರಿ ಸೆನ್ಸರ್ ಬಾಕ್ಸಿಗೇ ಸೇರಬೇಕು, ಬ್ಯಾಟರಿ ಸಾಯುವವರೆಗೆ ಸುತ್ತುತ್ತಲೇ ಇರಬೇಕು.

ಫ್ಲೋಚಾರ್ಟ್ ಕಾಲ ಮುಗಿಯಿತು ಎನ್ನುವವರಿಗೂ ಒಂದು ಮಾತು ಬಾಕಿ ಇದೆ. ಫ್ರೆಡ್ ಬ್ರೂಕ್ಸ್ 1975ರಲ್ಲೇ ‘ದಿ ಮಿಥಿಕಲ್ ಮ್ಯಾನ್-ಮಂತ್’ ಪುಸ್ತಕದಲ್ಲಿ ಇದನ್ನು ಹಳಿದದ್ದು ನಿಜ. ಅವರು ಐಬಿಎಂನ ಓಎಸ್/360 ಕಟ್ಟಿಸಿದವರು. ಆ ಗಾತ್ರದ ಕೆಲಸಕ್ಕೆ ಬಾಣ ಬಿಡಿಸುತ್ತ ಕೂತರೆ ಗೋಡೆಗಳೇ ಸಾಲವು. ಎರಡು ಮೋಟಾರಿನ ಗಾಡಿಗೆ ಅರ್ಧ ಹಾಳೆ ಸಾಕು. ಶಿವಮೊಗ್ಗದಲ್ಲಿ ಬೇಸಿಗೆ ರಜೆ ಬಂತೆಂದರೆ ಹುಟ್ಟಿಕೊಳ್ಳುವ ರೋಬೋಟಿಕ್ಸ್ ಕ್ಲಾಸುಗಳಲ್ಲಿ ಮೊದಲ ದಿನವೇ ಸ್ಕ್ರೀನಿನ ಮೇಲೆ ಬಣ್ಣದ ಬ್ಲಾಕು ಎಳೆಯಲು ಹಚ್ಚುತ್ತಾರೆ. ಬ್ಲಾಕಿನ ಮೇಲೆ ನನಗೆ ಹಗೆಯಿಲ್ಲ. ಆದರೆ ಯಾವುದು ಯಾವುದಕ್ಕೆ ಕಚ್ಚಿಕೊಳ್ಳುತ್ತದೋ ಅದೇ ಸರಿಯೆಂದು ನಂಬುವ ಹುಡುಗ ಗಾಡಿ ಗುದ್ದಿದಾಗ ಮುಖ ನೋಡುತ್ತಾನೆ, ಕಾಗದ ನೋಡುವುದಿಲ್ಲ.

ಇಷ್ಟು ವಾದಿಸಿದ ಮೇಲೆ ಹೇಳಲೇಬೇಕು, ನನಗೆ ಬಲು ಇಷ್ಟವಾದ ಯಂತ್ರಗಳಲ್ಲಿ ಡೈಮಂಡ್ ಬಾಕ್ಸೇ ಇಲ್ಲ. ಈ ಮಕ್ಕಳಲ್ಲಿ ಹಲವರ ಅಜ್ಜಂದಿರು ದುಡಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಯಾರ ಹೆಸರಿದೆಯೋ ಆ ವಿಶ್ವೇಶ್ವರಯ್ಯನವರು, ಅದು 1923ರಲ್ಲಿ ಕಬ್ಬಿಣ ತೆಗೆಯಲು ಶುರುಮಾಡುವುದಕ್ಕೆ ಇಪ್ಪತ್ತು ವರ್ಷ ಮೊದಲೇ, ಪುಣೆ ಬಳಿಯ ಖಡಕ್‌ವಾಸ್ಲಾದಲ್ಲಿ ತಾನೇ ತೆರೆದುಕೊಂಡು ತಾನೇ ಮುಚ್ಚಿಕೊಳ್ಳುವ ಗೇಟು ಕೂರಿಸಿದ್ದರು. ನೀರು ಗೊತ್ತಾದ ಮಟ್ಟ ದಾಟಿತೇ? ಆ ಪ್ರಶ್ನೆಗೆ ಹೌದು, ಇಲ್ಲ ಎಂದು ಹೇಳುವವರು ಯಾರೂ ಇಲ್ಲ; ನೀರೇ ಹೇಳುತ್ತದೆ.

ಮಿದುಳು ವಿಜ್ಞಾನಿ ವ್ಯಾಲೆಂಟಿನೋ ಬ್ರೈಟೆನ್‌ಬರ್ಗ್ 1984ರ ‘ವೆಹಿಕಲ್ಸ್’ ಪುಸ್ತಕದಲ್ಲಿ ಇದನ್ನೇ ಆಟವಾಗಿಸಿದ. ಗಾಡಿಗೆ ಎರಡು ಬೆಳಕಿನ ಸೆನ್ಸರ್, ಎರಡು ಮೋಟಾರ್. ಎಡ ಸೆನ್ಸರಿನ ತಂತಿ ಎಡ ಮೋಟಾರಿಗೇ ಹೋದರೆ ಬೆಳಕು ಬಿದ್ದ ಕಡೆಯ ಚಕ್ರ ಜೋರಾಗಿ ತಿರುಗಿ ಗಾಡಿ ದೀಪದಿಂದ ದೂರ ಓಡುತ್ತದೆ. ತಂತಿ ಅಡ್ಡಡ್ಡ ಹಾಕಿದರೆ ದೀಪದ ಮೇಲೇ ಏರಿ ಹೋಗುತ್ತದೆ. ನೋಡುವವರು ಮೊದಲನೆಯದನ್ನು ಹೆದರುಪುಕ್ಕಲ ಎನ್ನುತ್ತಾರೆ, ಎರಡನೆಯದನ್ನು ಮುಂಗೋಪಿ ಎನ್ನುತ್ತಾರೆ. ಒಳಗೆ ಪ್ರೋಗ್ರಾಮಿನ ಒಂದು ಸಾಲೂ ಇಲ್ಲ!

ಮಾಡಿ ನೋಡುವವರಿಗೆ: ಬೆಳಕಿನ ಸೆನ್ಸರಾಗಿ ಎಲ್‌ಡಿಆರ್ ಎರಡು, ಟ್ರಾನ್ಸಿಸ್ಟರ್ ಎರಡು, ಗೇರ್ ಮೋಟಾರ್ ಎರಡು ಸಾಕು. ಕತ್ತಲಾದ ಮೇಲೆ ಟಾರ್ಚ್ ಹಿಡಿದು ಓಡಿಸಿ. ಹಗಲಲ್ಲಿ ಬಿಟ್ಟರೆ ಮುಂಗೋಪಿ ಬಾಗಿಲ ಬಿಸಿಲು ಹಿಡಿದು ಹೊರಗೆ ಹೋಗಿ ಚರಂಡಿಗೆ ಬೀಳುತ್ತದೆ.