ಒಂದೇ ಡೋಸು, ಆರೇ ತಿಂಗಳ ಅಳತೆ

2010ರ ಫೆಬ್ರವರಿಯಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಡಾ. ಶ್ಯಾಮ್ ಸುಂದರ್ ಮತ್ತು ಸಂಗಡಿಗರ ಪ್ರಬಂಧವೊಂದು ಬಂತು. ಬಿಹಾರದ ಮುಜಫ್ಫರ್‌ಪುರದಲ್ಲಿ 412 ಕಾಲಾ ಅಜಾರ್ ರೋಗಿಗಳಿಗೆ ಚಿಕಿತ್ಸೆ ಕೊಟ್ಟು ನೋಡಿದ ಪ್ರಯೋಗ ಅದು. ಮರಳುನೊಣ ಕಚ್ಚಿದಾಗ ಮೈಗೆ ಸೇರುವ ಲೀಶ್ಮೇನಿಯಾ ಪರಾವಲಂಬಿಯಿಂದ ಬರುವ ಈ ರೋಗ ಬಲಿತರೆ ಜ್ವರ ಬಿಡುವುದಿಲ್ಲ, ಗುಲ್ಮ ಊದಿಕೊಳ್ಳುತ್ತದೆ, ರಕ್ತ ಬತ್ತುತ್ತದೆ. ಚಿಕಿತ್ಸೆ ಸಿಗದಿದ್ದರೆ ಬದುಕುವುದು ಅಪರೂಪ.

ಪ್ರಬಂಧದ ಹಿರಿಮೆಯಿರುವುದು ಅದು ಎತ್ತಿಕೊಂಡ ಪ್ರಶ್ನೆಯಲ್ಲಿ. ಉಪೇಂದ್ರನಾಥ ಬ್ರಹ್ಮಚಾರಿಯವರು 1920ರ ದಶಕದಲ್ಲಿ ಕೊಟ್ಟ ಯೂರಿಯಾ ಸ್ಟಿಬಮೈನ್‌ನಿಂದ ಮೊದಲ್ಗೊಂಡು ದಶಕಗಟ್ಟಲೆ ಆಂಟಿಮನಿ ಔಷಧಗಳೇ ಆಸರೆಯಾಗಿದ್ದವು. ಉತ್ತರ ಬಿಹಾರದಲ್ಲಿ ಪರಾವಲಂಬಿ ಅವಕ್ಕೆ ಮಣಿಯದಾದಾಗ ಆಂಫೊಟೆರಿಸಿನ್ ಬಿ ಬಂತು: ದಿನ ಬಿಟ್ಟು ದಿನ ಹದಿನೈದು ಡ್ರಿಪ್, ಸುಮಾರು ಒಂದು ತಿಂಗಳು ಆಸ್ಪತ್ರೆ ವಾಸ. ದಿನಗೂಲಿಯ ಮನೆಗೆ ಆ ತಿಂಗಳೆಂದರೆ ಸಾಲದ ತಿಂಗಳು. ಅದೇ ಔಷಧವನ್ನು ಕೊಬ್ಬಿನ ಸೂಕ್ಷ್ಮ ಗೋಳಗಳಲ್ಲಿ ಅಡಕಮಾಡಿ, ಕಿಲೋ ತೂಕಕ್ಕೆ 10 ಮಿಲಿಗ್ರಾಂನಂತೆ ಒಂದೇ ಸಲ ಕೊಟ್ಟರೆ ಸಾಲದೇ? ಸಂಶೋಧಕರು ಕೇಳಿದ್ದು ಇದನ್ನು.

ಆರು ತಿಂಗಳ ನಂತರ ಒಂದೇ ಡೋಸು ಪಡೆದವರಲ್ಲಿ ಶೇ. 95.7, ಹಳೆಯ ಕ್ರಮದವರಲ್ಲಿ ಶೇ. 96.3 ಮಂದಿ ಗುಣವಾಗಿದ್ದರು. ಸೋತುಹೋಗಿದ್ದ ಆಂಟಿಮನಿಯ ಎದುರು ಗೆದ್ದು ತೋರಿಸುವುದು ಸುಲಭವಿತ್ತು. ಇವರು ಇದ್ದುದರಲ್ಲೇ ಪ್ರಬಲವಾದ ಔಷಧವನ್ನು ಎದುರಿಗಿಟ್ಟರು. ಫಲಿತಾಂಶಕ್ಕೆ ತೂಕ ಬಂದದ್ದು ಅದರಿಂದ.

ನನ್ನ ತಕರಾರು ಆರು ತಿಂಗಳೆಂಬ ಗಡುವಿನ ಬಗ್ಗೆ. ಬಿಹಾರದಲ್ಲೇ ಇದೇ ಔಷಧ ಪಡೆದವರನ್ನು ಮುಂದೆ ಹೆಚ್ಚು ಕಾಲ ಗಮನಿಸಿದಾಗ, ರೋಗ ಮರುಕಳಿಸಿದ ಪ್ರಕರಣಗಳಲ್ಲಿ ಹೆಚ್ಚಿನವು ಆರು ತಿಂಗಳು ದಾಟಿದ ಮೇಲೆ ಕಂಡವು. ಜ್ವರ ಬಿಟ್ಟು ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ಕೆಲವರ ಚರ್ಮದಲ್ಲಿ ಮಚ್ಚೆ, ಗಂಟು ಏಳುವುದೂ ಉಂಟು. ನೋವಿಲ್ಲದ್ದರಿಂದ ಅವರು ಆಸ್ಪತ್ರೆಗೆ ಬರುವುದಿಲ್ಲ. ಅಂಥವರನ್ನು ಕಚ್ಚಿದ ಮರಳುನೊಣಕ್ಕೆ ಸೋಂಕು ತಗಲುತ್ತದೆಂದು ಬಾಂಗ್ಲಾದೇಶದಲ್ಲಿ ನಡೆದ, 2019ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಭಾರತ ಉಪಖಂಡದಲ್ಲಿ ಈ ರೋಗದ ಮುಖ್ಯ ಆಶ್ರಯ ಪ್ರಾಣಿಗಳಲ್ಲ, ಮನುಷ್ಯರೇ. ಹಾಗಾಗಿ ರೋಗಿ ಚೇತರಿಸಿಕೊಂಡ ಮಾತ್ರಕ್ಕೆ ಊರು ಪಾರಾಯಿತೆನ್ನಲಾಗದು.

ಇನ್ನೊಂದು ಮಿತಿ ಪ್ರಯೋಗ ನಡೆದ ತಾಣದ್ದು. ವರ್ಷಗಟ್ಟಲೆ ಇದೇ ರೋಗ ನೋಡಿ ಪಳಗಿದ ವೈದ್ಯರ ಕೇಂದ್ರದಲ್ಲಿ ಬಂದ ಫಲಿತಾಂಶವಿದು. ಈ ಔಷಧವನ್ನು 25 ಡಿಗ್ರಿ ಮೀರದ ಉಷ್ಣತೆಯಲ್ಲಿಡಬೇಕು. ಬಿಹಾರದ ಬೇಸಗೆಯಲ್ಲಿ, ಕರೆಂಟು ಕೈಕೊಡುವ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅದೇ ದೊಡ್ಡ ಕೆಲಸ. ಮೇಲಾಗಿ, ದುಬಾರಿಯಾದ ಇದು ಸರ್ಕಾರಿ ಕಾರ್ಯಕ್ರಮಕ್ಕೆ ದಕ್ಕಿದ್ದು ತಯಾರಕ ಕಂಪನಿಯ ದಾನದಿಂದ. ದಾನ ನಿಂತರೇನು ಗತಿ ಎಂಬುದಕ್ಕೆ ಪ್ರಯೋಗಾಲಯ ಉತ್ತರಿಸಲಾರದು, ಸರ್ಕಾರವೇ ಉತ್ತರಿಸಬೇಕು.

ಇಷ್ಟಾದರೂ ಇದು ಕಾಲಾ ಅಜಾರ್ ಚಿಕಿತ್ಸೆಯ ದಿಕ್ಕು ಬದಲಿಸಿದ ಪ್ರಬಂಧ. ತಿಂಗಳ ಆಸ್ಪತ್ರೆ ವಾಸವನ್ನು ಒಂದೆರಡು ದಿನಕ್ಕೆ ಇಳಿಸಿದ್ದು ಸಣ್ಣ ಸಾಧನೆಯಲ್ಲ. ಆದರೆ ಮುಂದಿನ ಪ್ರಯೋಗಗಳು ಕನಿಷ್ಠ ಒಂದು ವರ್ಷ ರೋಗಿಯ ಬೆನ್ನಿಗಿರಬೇಕು. ಆಮೇಲೂ ಅವರ ಚರ್ಮ ನೋಡುವ ಹೊಣೆ ಹಳ್ಳಿಯ ಆಶಾ ಕಾರ್ಯಕರ್ತೆಯರಿಗೆ ತರಬೇತಿ, ಸಂಭಾವನೆ ಎರಡರ ಜೊತೆಗೂ ಸಿಗಬೇಕು.