ಬಹುಮಾನ ಗೆದ್ದ ಕುರ್ಚಿ

ಒಳಾಂಗಣ ವಿನ್ಯಾಸ ಕಲಿಯುವ ಮಕ್ಕಳು ಶುಲ್ಕ ಕಟ್ಟಿ, ನಿದ್ದೆಗೆಟ್ಟು ಸ್ಪರ್ಧೆಗೆ ಕಳಿಸುವ ಶೀಟುಗಳನ್ನು ನೋಡುವಾಗಲೆಲ್ಲ ನಮಗೊಂದು ಕಸಿವಿಸಿ. ಕಂಪ್ಯೂಟರಿನಲ್ಲಿ ಮೂಡಿದ ಆ ಕೋಣೆಗಳಲ್ಲಿ ಬೆಳಕಿದೆ, ಗಾಜಿದೆ, ಕಿಟಕಿಯಾಚೆ ಕಾಡೂ ಇದೆ. ಮಳೆಗಾಲದಲ್ಲಿ ಬಟ್ಟೆ ಒಣಗಿಸಲು ಮಾತ್ರ ಜಾಗವಿಲ್ಲ. ಬಡಗಿ ಇದನ್ನು ಮಾಡಬಲ್ಲನೇ, ಖರ್ಚೆಷ್ಟು ಎಂದು ತೀರ್ಪುಗಾರರೂ ಕೇಳಿದಂತೆ ಕಾಣುವುದಿಲ್ಲ.

ಕೇಳದಿದ್ದರೆ ಏನಾಗುತ್ತದೆ? 1940ರಲ್ಲಿ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಪೀಠೋಪಕರಣ ವಿನ್ಯಾಸದ ಸ್ಪರ್ಧೆಯೊಂದನ್ನು ಏರ್ಪಡಿಸಿತು. ಚಾರ್ಲ್ಸ್ ಈಮ್ಸ್ ಮತ್ತು ಈರೋ ಸಾರಿನೆನ್ ಗೆದ್ದರು. ಬೆನ್ನು, ಆಸನ ಎಲ್ಲವೂ ಪ್ಲೈವುಡ್ಡಿನ ಒಂದೇ ಬಾಗಿದ ಚಿಪ್ಪಿನಲ್ಲಿ! ಕಾಗದ ಒಪ್ಪಿತು, ಮರ ಒಪ್ಪಲಿಲ್ಲ. ತೀರಾ ಬಾಗಿದಲ್ಲಿ ಸೀಳಿತು. ಸೀಳು ಮುಚ್ಚಲು ಮೆತ್ತೆ ಹೊದಿಸಬೇಕಾಯಿತು. ಅಷ್ಟರಲ್ಲಿ ಯುದ್ಧವೂ ಬಂತು. ಮನೆಮನೆಗೆ ಮುಟ್ಟಬೇಕಿದ್ದ ಕುರ್ಚಿ ಪ್ರದರ್ಶನದಲ್ಲೇ ಉಳಿಯಿತು. ಚಾರ್ಲ್ಸ್ ಮತ್ತು ಪತ್ನಿ ರೇ ಈಮ್ಸ್ ಬಿಡಲಿಲ್ಲ. ಒಂದೇ ಚಿಪ್ಪಿನ ಅವರ ಕುರ್ಚಿ ಫೈಬರ್ ಗ್ಲಾಸಿನಲ್ಲಿ ಮಾರುಕಟ್ಟೆಗೆ ಬಂದದ್ದು 1950ರಲ್ಲಿ. ಬಹುಮಾನ ಬಂದು ಹತ್ತಿರ ಹತ್ತು ವರ್ಷ!

ಇದೇ ದಂಪತಿ 1958ರಲ್ಲಿ ಭಾರತ ಸರಕಾರಕ್ಕೆ ವರದಿ ಬರೆದುಕೊಟ್ಟರು. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ 1961ರಲ್ಲಿ ಹುಟ್ಟಿದ್ದು ಅದರಿಂದಲೇ. ಅದರಲ್ಲಿ ಅವರು ಮನಸೋತದ್ದು ಯಾವ ಅರಮನೆಗೂ ಅಲ್ಲ, ನಮ್ಮ ತಂಬಿಗೆಗೆ. ಎಷ್ಟು ನೀರು ಹಿಡಿಯಬೇಕು, ತಲೆಯ ಮೇಲೋ ಸೊಂಟದ ಮೇಲೋ, ತೊಳೆಯುವುದು ಹೇಗೆ, ಬೆಲೆಯೆಷ್ಟು ಎಂದೆಲ್ಲ ಕೇಳುತ್ತಾ ಹೋದರು.

ಶುಲ್ಕ ಪಡೆಯುವ ನಮ್ಮ ಸ್ಪರ್ಧೆಗಳು ಇಂಥ ಪ್ರಶ್ನೆಗಳಿಗೆ ಶೀಟಿನ ಒಂದು ಮೂಲೆಯನ್ನಾದರೂ ಬಿಡಬಾರದೇ?